ಒಂದನೇ ನಂಬರಿನ ಕ್ಯಾಪ್ಟನ್

ಹೊಸ ಪೈಲಟ್‌ಗಳು ಯಾವ ವಿಮಾನ ಹಾರಿಸುತ್ತೇವೆ, ಯಾವ ಊರಿನಲ್ಲಿರುತ್ತೇವೆ ಎಂದು ಬರೆದು ನನ್ನ ಮೇಜಿಗೆ ಫಾರಂ ತಂದುಕೊಡುವ ದಿನ, ಒಂದನೇ ನಂಬರಿನ ಕ್ಯಾಪ್ಟನ್ ಕರೆಯದಿದ್ದರೂ ಹಾಜರು. ತಮ್ಮ ಕಾಲದ ತರಬೇತಿ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಡೆದ ಹೆಸರು ಅದು, ನಿವೃತ್ತರಾದರೂ ಕಳಚಿಲ್ಲ. ಬಂದವರೇ ಯಾರದಾದರೂ ಪೆನ್ನು ಕಿತ್ತುಕೊಂಡು, "ಮೊದಲು ಊರು ಬರೀರಯ್ಯ, ವಿಮಾನ ಆಮೇಲೆ. ದೊಡ್ಡದಾಗ್ಲಿ ಸಣ್ಣದಾಗ್ಲಿ, ಕೂರೋ ಸೀಟು ಎರಡರಲ್ಲೂ ಅಷ್ಟೇ ಅಗಲ!" ಎನ್ನುತ್ತಾರೆ. ಫಾರಂನಲ್ಲಿ ವಿಮಾನದ ಸಾಲೇ ಮೇಲಿದೆಯಲ್ಲ ಎಂದರೆ ಅಚ್ಚು ಹಾಕಿದವನಿಗೆ ಬೈಗುಳ. ಇಪ್ಪತ್ತು ಹೋಟೆಲುಗಳ ಕೋಣೆಗಳಲ್ಲಿ ದೀಪದ ಸ್ವಿಚ್ಚು ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲ ಇವರು ಸ್ವಂತ ಮನೆಯಲ್ಲಿ ಇಂದಿಗೂ ಗೋಡೆ ತಡಕುತ್ತಾರಂತೆ. ಮೊನ್ನೆ ಪರೀಕ್ಷೆಯ ಪಟ್ಟಿಯಲ್ಲಿ ಮೊದಲು ಬಂದ ಹುಡುಗಿಯೊಬ್ಬಳು ಫಾರಂ ಬಿಟ್ಟುಕೊಡಲಿಲ್ಲ. "ಸರ್, ಎಲ್ಲರಿಗಿಂತ ಮೊದಲು ಆರಿಸೋ ಹಕ್ಕು ನಂದು. ಊರು ನೋಡ್ಕೊಂಡು ನಾನೇ ಹೋಗಿ ಸಣ್ಣ ವಿಮಾನ ತಗೊಂಡ್ರೆ ನಗಲ್ವಾ ಇವರೆಲ್ಲ?" ಎಂದಳು. ಕ್ಯಾಪ್ಟನ್ ಪೆನ್ನು ಕೆಳಗಿಟ್ಟರು. "ನಾನೂ ಅದಕ್ಕೇ ಹೆದರಿ ದೊಡ್ಡದು ತಗೊಂಡೆ ಕಣಮ್ಮ. ಅದು ಇದ್ದದ್ದು ಸಮುದ್ರದಾಚೆ ಊರಲ್ಲಿ. ನಮ್ಮೂರಿನ ಸಣ್ಣ ವಿಮಾನ ಯಾರಿಗೂ ಬೇಡವಾಗಿ, ಪಟ್ಟಿಯ ಕಡೇ ನಂಬರಿನವನ ಪಾಲಿಗೆ ಬಂತು. ನಮ್ಮ ಬೀದೀಲೇ ಮನೆ ಮಾಡಿದ. ದಿನಾ ಸಾಯಂಕಾಲ ಮನೇಲಿರ್ತಿದ್ದ." ಪೆನ್ನನ್ನು ಅವಳತ್ತ ಸರಿಸಿ, "ನನ್ನ ಮಗಳಿಗೆ ಸೈಕಲ್ ಕಲಿಸಿದ್ದು ಅವನೇ" ಎಂದರು.