ಬೈಂಡು ಮಾವ ಮತ್ತು ಕಚ್ಚಿದ ಸಂಪುಟ

ನನ್ನ ಅಮ್ಮನ ತಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಮನೆಯಲ್ಲಿ, ಬೀದಿಯಲ್ಲಿ, ಅವರ ಕಾಲೇಜಿನ ಹುಡುಗರ ಬಾಯಲ್ಲಿ ಕೂಡ ಅವರು ಬೈಂಡು ಮಾವ. ಕಾನೂನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಬೆನ್ನು ಬಿಟ್ಟ ಪುಸ್ತಕ ಕಂಡರೆ ಅವರಿಗೆ ಊಟ ರುಚಿಸುವುದಿಲ್ಲ. ಸೂಜಿ, ದಾರ, ಅಂಟು, ಬಟ್ಟೆಯ ಚೂರು ಹಿಡಿದು ಕೂತುಬಿಡುತ್ತಾರೆ. ಅವರ ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಇಲ್ಲದ ದಿನವನ್ನು ನಾನು ಕಂಡಿಲ್ಲ. ಅತ್ತೆ ಅನ್ನುವುದು, "ನನ್ನ ಕೈ ಹಿಡಿದಾಗಲೂ ಅಂಟಿತ್ತು, ಅದಕ್ಕೇ ಬಿಡಿಸಿಕೊಳ್ಳೋಕೆ ಆಗ್ಲಿಲ್ಲ."

ಭಾನುವಾರ ಬೆಳಿಗ್ಗೆ ಮಾವನ ವರಾಂಡದಲ್ಲಿ ಒಂದು ಸಣ್ಣ ಸಂತೆಯೇ ಸೇರುತ್ತಿತ್ತು. ಮಗನನ್ನೋ ಮಗಳನ್ನೋ ವಕೀಲರನ್ನಾಗಿ ಮಾಡಬೇಕೆಂದು ಹೊರಟ ಅಪ್ಪ ಅಮ್ಮಂದಿರು. ಯಾವ ಕಾಲೇಜು ಒಳ್ಳೆಯದು ಎಂದು ಕೇಳಲು ಬರುವವರು. ಮಾವ ಒಂದನ್ನು ಎತ್ತಿ ಇನ್ನೊಂದನ್ನು ತುಳಿಯುವವರಲ್ಲ. "ಕರೆದ ದಿನ ಹೋಗಬೇಡಿ, ಸ್ವಾಮಿ. ಮದುವೆ ಮನೇಲಿ ಹೆಣ್ಣು ನೋಡಿದ ಹಾಗಾಗುತ್ತೆ. ಸುಮ್ಮನೆ ಒಂದು ಕೆಲಸದ ದಿನ ಹೋಗಿ. ಮೇಷ್ಟ್ರು ಕ್ಲಾಸಿನಲ್ಲಿ ಇದ್ದಾರಾ, ಕೋರ್ಟಿನಲ್ಲಿ ಇದ್ದಾರಾ ನೋಡಿ. ಲೈಬ್ರರಿಗೆ ಹೋಗಿ ಒಂದು ಪುಸ್ತಕದ ಹಿಂದಿನ ಹಾಳೆ ತಿರುಗಿಸಿ. ಅಲ್ಲಿ ತಾರೀಕಿನ ಮುದ್ರೆ ಬಿದ್ದಿದ್ರೆ ಯಾರೋ ಓದ್ತಾ ಇದ್ದಾರೆ ಅಂತ ಅರ್ಥ. ಇಲ್ಲದಿದ್ರೆ ಅದು ಪುಸ್ತಕ ಅಲ್ಲ, ಇಟ್ಟಿಗೆ." ಬಂದವರು ನಗುತ್ತಾ ಏಳುತ್ತಿದ್ದರು.

ಈ ಸಲ ನಮ್ಮ ಮನೆಯದೇ ಸರದಿ. ನನ್ನ ತಂಗಿ ಕಾನೂನು ಓದಬೇಕೆಂದು ಹಟ ಹಿಡಿದಿದ್ದಳು. ಅಮ್ಮ ಅವಳನ್ನು ನನ್ನ ಮನೆಗೆ ಕಳಿಸಿ, "ನೀನೂ ಮಾವನೂ ಸೇರಿ ಒಂದು ದಡ ಮುಟ್ಟಿಸಿ" ಎಂದಿದ್ದರು. ನೋಡಬೇಕಾದವು ಮೂರು ಕಾಲೇಜು. ಮಾವ ಕೆಲಸ ಮಾಡುವ ಕೆಂಪು ಕಟ್ಟಡದ್ದು ಒಂದು. ಅದೇ ಆಡಳಿತ ಮಂಡಳಿ ನಾಲ್ಕು ವರ್ಷದ ಹಿಂದೆ ನಮ್ಮ ಮನೆಗೆ ನಡೆದು ಹೋಗುವಷ್ಟು ದೂರದಲ್ಲಿ ತೆರೆದ ಹೊಸದು ಇನ್ನೊಂದು. ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಹಳೇ ಕಾಲೇಜು ಮೂರನೆಯದು. ಆಶ್ಚರ್ಯವೆಂದರೆ, ಊರಿಗೆಲ್ಲ ದಾರಿ ತೋರಿಸುವ ಮಾವ ನಮಗೆ ಏನೂ ಹೇಳಲಿಲ್ಲ. "ನೋಡ್ಕೊಂಡು ಬನ್ನಿ. ನಿಮ್ಮಿಷ್ಟ," ಅಷ್ಟೇ. ನನಗೆ ಅಂದಿನಿಂದಲೇ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಆದರೆ ನನಗೆ ಹಾಗನ್ನಿಸದ ದಿನ ಯಾವುದು? ಮಗಳು ಪುಟ್ಟಿ ಹುಟ್ಟಿದ ಮೇಲೆ ಕಿಟಕಿಯ ಸರಳು, ಗ್ಯಾಸಿನ ಪೈಪು, ಮೆಟ್ಟಿಲು, ಎಲ್ಲವೂ ನನ್ನನ್ನೇ ದುರುಗುಟ್ಟಿ ನೋಡುತ್ತವೆ. ನಮ್ಮವರು ನನ್ನನ್ನು 'ಸೈರನ್' ಎಂದು ಕರೆಯುವುದು ಸುಮ್ಮನೆ ಅಲ್ಲ.

ಮೊದಲು ಕೆಂಪು ಕಟ್ಟಡ. ಪುಟ್ಟಿಯನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ, ಕಂಕುಳಲ್ಲೇ ಬಂದಳು. ಆಗ ಅವಳಿಗೆ ಹಲ್ಲು ಬರುವ ಕಾಟ. ಸಿಕ್ಕಿದ್ದಕ್ಕೆಲ್ಲ ಬಾಯಿ. ತಂಗಿ ಮೇಷ್ಟ್ರೊಬ್ಬರ ಜೊತೆ ಮಾತಾಡುತ್ತಿದ್ದಾಗ ಮಾವನ ಲೈಬ್ರರಿಯಲ್ಲಿ ಅವಳನ್ನು ನೆಲದ ಮೇಲೆ ಬಿಟ್ಟೆ. ನಾನು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಕೆಳಗಿನ ಸಾಲಿನಲ್ಲಿದ್ದ ತೀರ್ಪುಗಳ ದಪ್ಪ ಕೆಂಪು ಸಂಪುಟವೊಂದರ ಮೂಲೆ ಅವಳ ಬಾಯಲ್ಲಿತ್ತು. ಕಿತ್ತುಕೊಂಡೆ. ಮೆತ್ತನೆಯ ರಟ್ಟಿನಲ್ಲಿ ಗುರುತು ಅಚ್ಚೊತ್ತಿದ ಹಾಗೆ ಕೂತಿತ್ತು. ಮೇಲಿನ ಎರಡು ಹಲ್ಲು, ನಡುವೆ ಅಕ್ಕಿಕಾಳಿನಷ್ಟು ಸಂದು. ಕೆಳಗಡೆ ಓರೆಯಾಗಿ ಹುಟ್ಟಿದ ಒಂದೇ ಹಲ್ಲು.

ನನಗೆ ನಾಚಿಕೆಯಾಯಿತು. ಮಾವ ಕರವಸ್ತ್ರದಿಂದ ಜೊಲ್ಲು ಒರೆಸಿ ನಕ್ಕರು. "ಇರಲಿ ಬಿಡೆ. ಈ ಸಂಪುಟ ತೆಗೆದು ಬಾಯಿ ಹಾಕಿದೋಳು ಇವಳೇ ಮೊದಲು."

ಆಮೇಲೆ ಹಳೇ ಕಾಲೇಜು. ಗೋಡೆಯ ಬಣ್ಣ ಎದ್ದಿತ್ತು, ಬೆಂಚುಗಳು ಕುಂಟುತ್ತಿದ್ದವು, ಲೈಬ್ರರಿಯ ಅಲಮಾರುಗಳು ಅರ್ಧಕ್ಕರ್ಧ ಖಾಲಿ. ಲೈಬ್ರರಿಯ ಮೇಡಂ ಪುಟ್ಟಿಯನ್ನು ಕಂಡ ಕೂಡಲೇ, "ಮಗೂನ ಎತ್ಕೊಳ್ಳಮ್ಮ. ಇಲ್ಲಿ ಇರೋದೇ ನಾಲ್ಕು ಪುಸ್ತಕ, ಅದನ್ನೂ ತಿನ್ನಿಸಬೇಡ," ಎಂದು ಗದರಿದರು. ತಂಗಿ ಹೊರಗೆ ಬಂದು, "ಅಕ್ಕಾ, ಇಲ್ಲಿ ಓದಿದ್ರೆ ನಾನು ವಕೀಲೆ ಆಗಲ್ಲ, ಕಕ್ಷಿದಾರಳಾಗ್ತೀನಿ," ಎಂದಳು. ಇಬ್ಬರೂ ಬಸ್ಸು ಬರುವವರೆಗೂ ನಕ್ಕೆವು.

ಹೊಸ ಕಾಲೇಜಿಗೆ ಕಾಲಿಟ್ಟ ಕೂಡಲೇ ತಂಗಿ ಸೋತುಹೋದಳು. ಹೊಳೆಯುವ ನೆಲ, ಅಣಕು ನ್ಯಾಯಾಲಯದ ಎತ್ತರದ ಪೀಠ, ನೆಲದಿಂದ ಸೂರಿನವರೆಗೆ ಪುಸ್ತಕ. ಮರುದಿನ ತಪಾಸಣೆಗೆ ಜನ ಬರುವವರಿದ್ದಾರೆಂದು ಎಲ್ಲರೂ ಓಡಾಡುತ್ತಿದ್ದರು. ತಪಾಸಣೆಯೆಂದರೆ ಏನೆಂದು ಮಾವನ ವರಾಂಡದಲ್ಲೇ ಕೇಳಿದ್ದೆ. ಮೇಲಿನವರು ಬಂದು ಮೇಷ್ಟ್ರು, ಪುಸ್ತಕ, ಕೊಠಡಿ ಎಲ್ಲ ನೋಡುತ್ತಾರೆ. ಸರಿಯಿಲ್ಲದಿದ್ದರೆ ಮಾನ್ಯತೆ ಹೋಗುತ್ತದೆ. ಮಾನ್ಯತೆ ಹೋದ ಕಾಲೇಜಿನ ಪದವಿ ಹಿಡಿದು ಹೋದವರನ್ನು ವಕೀಲರೆಂದು ಯಾರೂ ನೋಂದಾಯಿಸಿಕೊಳ್ಳುವುದಿಲ್ಲ. ಓದಿದ ವರ್ಷಗಳೆಲ್ಲ ನೀರಿನಲ್ಲಿ ಹೋಮ.

ಲೈಬ್ರರಿಯಲ್ಲಿ ಪುಟ್ಟಿ ನನ್ನ ಕೈಯಿಂದ ಜಾರಿ ಕೆಳಗಿನ ಸಾಲಿಗೆ ಕೈ ಚಾಚಿದಳು. ಬಗ್ಗಿ ಅವಳನ್ನು ಎಳೆದುಕೊಳ್ಳುವಾಗ ಕಂಡಿತು. ಕೆಂಪು ಸಂಪುಟ. ಮೂಲೆಯಲ್ಲಿ ಎರಡು ಹಲ್ಲು, ನಡುವೆ ಸಂದು. ಕೆಳಗೆ ಓರೆಯ ಒಂದು.

ಆ ಬಾಯಿಗೆ ದಿನಕ್ಕೆ ಎಷ್ಟು ಸಲ ಬೆರಳು ಹಾಕಿ ನೋಡುತ್ತೇನೆ. ಆ ಹಲ್ಲು ನನಗೆ ಗೊತ್ತಿಲ್ಲವೇ? ರಟ್ಟು ತೆರೆದೆ. ಒಳಗೆ ಹೊಸ ಕಾಲೇಜಿನ ಚೀಟಿ ಅಂಟಿಸಿದ್ದರು. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಮಾವನ ಕೈಯ ವಾಸನೆಯೇ ಬಂತು. ಹಿಂದಿನ ಹಾಳೆ ತಿರುಗಿಸಿದೆ. ಒಂದು ಮುದ್ರೆಯೂ ಇಲ್ಲ. ಪಕ್ಕದ ಸಂಪುಟ, ಅದರ ಪಕ್ಕದ್ದು, ಎಲ್ಲವೂ ಹಾಗೇ.

ಕೆಂಪು ಕಟ್ಟಡದ ಲೈಬ್ರರಿ ಇಲ್ಲಿಗೆ ಬಂದಿತ್ತು. ಅಲ್ಲಿ ತಪಾಸಣೆಯಾಗುವಾಗ ಇಲ್ಲಿಯದು ಅಲ್ಲಿಗೆ ಹೋಗುತ್ತದೆ. ಪ್ರತಿ ವರ್ಷ ಇದೇ ಹೊತ್ತಿಗೆ ಮಾವನ ಬೆನ್ನು ಹಿಡಿದುಕೊಳ್ಳುವುದು ಆಗ ನೆನಪಾಯಿತು. ಕೂತು ಕೆಲಸ ಮಾಡುವವರಿಗೆ ಎಂಥ ಬೆನ್ನು ನೋವು ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ದಾರಿಯಲ್ಲಿ ತಂಗಿಗೆ ಹೇಳಿದೆ. ಅವಳು ನಿಂತೇಬಿಟ್ಟಳು. "ಅಕ್ಕಾ, ನೀನು ನಲ್ಲಿ ತೊಟ್ಟಿಕ್ಕಿದ್ರೆ ಮನೆ ಮುಳುಗ್ತು ಅನ್ನೋಳು. ಈಗ ಪುಸ್ತಕದ ಮೇಲೆ ಹಲ್ಲು ಕಾಣ್ತಾ ಇದೆಯಾ?"

"ಅದು ಪುಟ್ಟಿಯದೇ ಹಲ್ಲು ಕಣೇ."

"ಪೊಲೀಸ್ ನಾಯಿ ಆಗ್ಬಿಟ್ಯಲ್ಲ. ನಾನು ನಿನ್ನ ಮನೇಲಿರೋದು ಬೇಡ ಅಂತಿದ್ರೆ ನೇರವಾಗಿ ಹೇಳು."

ನಮ್ಮವರೂ ಅವಳ ಪಕ್ಷವೇ. "ಮಾವ ಅಂಥ ಕೆಲಸ ಮಾಡೋರಾ? ಯೋಚಿಸಿ ಮಾತಾಡು," ಎಂದರು.

ಸಂಜೆ ಮಾವನ ಮನೆಗೆ ಒಬ್ಬಳೇ ಹೋದೆ, ಪುಟ್ಟಿಯನ್ನು ಎತ್ತಿಕೊಂಡು. ಮಾವ ಚಾಪೆಯ ಮೇಲೆ ಬೋರಲು ಮಲಗಿದ್ದರು. ಅತ್ತೆ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದರು. "ನೋಡೇ, ನಿನ್ನ ಮಾವ ಪುಸ್ತಕದ ಮೇಲಿನ ಧೂಳು ಹೊಡೆದು ಬೆನ್ನು ಮುರ್ಕೊಂಡು ಬಂದಿದ್ದಾರೆ," ಎಂದರು. ಅವರು ಕೈ ತೊಳೆಯಲು ಒಳಗೆ ಹೋದಾಗ ಕಂಡದ್ದನ್ನು ಮಾವನಿಗೆ ಹೇಳಿದೆ.

ಮಾವ ತಲೆ ಎತ್ತಲಿಲ್ಲ. "ಪುಟ್ಟಿಗೆ ಇನ್ನೊಂದು ಹಲ್ಲು ಬಂತಾ?" ಎಂದು ಕೇಳಿದರು.

"ಮಾವ, ಶುಕ್ರವಾರ ಅವಳು ಸೇರ್ತಾಳೆ. ಅವತ್ತೇ ಕಡೇ ದಿನ."

"ಯಾರ ಹತ್ತಿರ ಹೇಳಿದೆ?"

"ಮನೆಯವರಿಗೆ. ಯಾರೂ ನಂಬಲಿಲ್ಲ."

"ಒಳ್ಳೇದಾಯ್ತು," ಎಂದರು. ಅದು ಮಾವನ ದನಿಯಂತೆ ಇರಲಿಲ್ಲ.

ಮರುದಿನ ಹೇಗೋ ತಂಗಿಯನ್ನು ಒಪ್ಪಿಸಿ ಹೊಸ ಕಾಲೇಜಿಗೆ ಕರೆದುಕೊಂಡು ಹೋದೆ. ಒಮ್ಮೆ ಕಣ್ಣಿಂದ ನೋಡಲಿ, ಸಾಕು. ತಪಾಸಣೆಯವರು ಆಗಲೇ ಬಂದು, ನೋಡಿ, ತಿಂಡಿ ತಿಂದು ಹೋಗಿದ್ದರು. ಸಂಪುಟ ಅದೇ ಜಾಗದಲ್ಲಿತ್ತು. ಮೂಲೆಗೆ ಹೊಸ ಕೆಂಪು ಬಟ್ಟೆ ಸುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗಿದೆ ಎಂದು ಬೆರಳಿಗೂ ಗೊತ್ತಾಗುವಂತಿರಲಿಲ್ಲ. ಅಷ್ಟು ನಾಜೂಕಿನ ಕೈ ಈ ಊರಿನಲ್ಲಿ ಒಂದೇ ಇರುವುದು.

ತಂಗಿ ನನ್ನ ಮುಖ ನೋಡಿದಳು. ಈ ಸಲ ಗೇಲಿ ಮಾಡಲಿಲ್ಲ. "ನೀನು ಸ್ವಲ್ಪ ನಿದ್ದೆ ಮಾಡು, ಅಕ್ಕ," ಎಂದಳು. ಗೇಲಿ ಮಾಡಿದ್ದರೇ ವಾಸಿಯಿತ್ತು.

ಶುಕ್ರವಾರ ಹೊಸ ಕಾಲೇಜಿನ ಸಭಾಂಗಣದಲ್ಲಿ ಉದ್ದನೆಯ ಸಾಲು. ನಮ್ಮ ಹಿಂದೆ ನಿಂತಿದ್ದವರು ನಮ್ಮ ಬೀದಿಯ ಟೈಲರಮ್ಮ ಮತ್ತು ಅವರ ಮಗಳು. "ನಿಮ್ಮ ತಂಗೀನೂ ಇಲ್ಲೇನಾ? ಹಾಗಾದ್ರೆ ಇಬ್ಬರೂ ಒಟ್ಟಿಗೆ ಹೋಗಿ ಬರ್ತಾರೆ," ಎಂದು ಟೈಲರಮ್ಮ ಖುಷಿಪಟ್ಟರು. ಮುಂದೆ, ದಾಖಲೆ ನೋಡುವ ಮೇಜಿನ ಹಿಂದೆ, ಮಾವ ಕೂತಿದ್ದರು. ಸಿಬ್ಬಂದಿ ಸಾಲದೆಂದು ಅವರನ್ನು ಕರೆಸಿದ್ದರಂತೆ. ಅವರ ಬೆನ್ನ ಹಿಂದೆ ಆಡಳಿತ ಮಂಡಳಿಯ ಕಾರ್ಯದರ್ಶಿ ನಿಂತಿದ್ದ. ಬಿಳಿ ಅಂಗಿ, ಎಲ್ಲರಿಗೂ ಕೈ ಮುಗಿಯುವ ಮೃದು ಮನುಷ್ಯ.

ತಂಗಿ ಕಾಗದಗಳ ಫೈಲು ಕೊಟ್ಟಳು. ಮಾವ ಅಂಕಪಟ್ಟಿ ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ಫೈಲು ಮುಚ್ಚಿ, ಅಂಚು ಸರಿಮಾಡಿ, ಅವಳ ಕಡೆಗೇ ತಳ್ಳಿದರು.

"ಇಲ್ಲಿ ಬೇಡಮ್ಮ."

"ಯಾಕೆ ಮಾವ? ಏನು ಕಮ್ಮಿ ಇದೆ?"

"ನಿನ್ನದರಲ್ಲಿ ಏನೂ ಕಮ್ಮಿ ಇಲ್ಲ. ಹಳೇ ಕಾಲೇಜು ಸಂಜೆವರೆಗೂ ತೆಗೆದಿರುತ್ತೆ. ಈಗ್ಲೇ ಹೊರಟ್ರೆ ಬಸ್ಸು ಸಿಗುತ್ತೆ."

ಕಾರ್ಯದರ್ಶಿ ಬಗ್ಗಿದ. "ಏನ್ರೀ ಅದು?"

"ನಮ್ಮ ಅಕ್ಕನ ಮಗಳು ಸಾರ್. ಅವಳು ಇಲ್ಲಿಗೆ ಬರಲ್ಲ."

ಸಾಲಿನವರೆಲ್ಲ ಕತ್ತು ಚಾಚಿದರು. ಕಾರ್ಯದರ್ಶಿ ಒಂದು ಕ್ಷಣ ಮಾವನ ನೆತ್ತಿಯನ್ನೇ ನೋಡಿದ. ಆಮೇಲೆ ನಕ್ಕ. ಅವರ ಭುಜದ ಮೇಲೆ ಕೈಯಿಟ್ಟು, "ಮನೆಯವರಿಗೆ ಒಂದು ಕಾಲೇಜು, ಊರಿನವರಿಗೆ ಒಂದು ಕಾಲೇಜಾ? ಸರಿ ಸರಿ. ಪಾಪ, ನಿಮಗೆ ಆಯಾಸ ಆಗಿದೆ. ಯಾರ್ರೀ ಅಲ್ಲಿ, ಇವರಿಗೆ ಒಂದು ಟೀ ಕೊಡಿ," ಎಂದ. ಆ ಕೈ ಭುಜದಿಂದ ಕೆಳಗಿಳಿಯಲೇ ಇಲ್ಲ. ಮಾವ ಟೀ ಕುಡಿದರು. ನಾವು ಹೊರಗೆ ಬರುವಾಗ ಟೈಲರಮ್ಮನ ಮಗಳ ಫೈಲಿಗೆ ಮುದ್ರೆ ಬೀಳುವ ಸದ್ದು ಕೇಳಿತು.

ತಂಗಿ ಬಸ್ಸಿನಲ್ಲಿ ಫೈಲನ್ನು ಎದೆಗವಚಿಕೊಂಡು ಕೂತಿದ್ದಳು. ಹಳೇ ಕಾಲೇಜಿನ ಬಾಗಿಲ ಹತ್ತಿರ, "ಹಲ್ಲು ಪುಟ್ಟಿಯದೇ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ಸೇರಿದಳು. ಗದರುವ ಮೇಡಂಗೂ ಅವಳಿಗೂ ಈಗ ಭಾರೀ ದೋಸ್ತಿ.

ಮಾವನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ ಎರಡೂ ಲೈಬ್ರರಿಗೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಎಲ್ಲ ಪುಸ್ತಕಕ್ಕೂ ಇನ್ನು ಅವರದೇ ಸಹಿ. ಅತ್ತೆ ಸಿಹಿ ಹಂಚಿದರು. ಮಾವ ನನ್ನ ಕೈಗೂ ಒಂದು ತುಂಡು ಕೊಟ್ಟು, "ನಾಳೆ ಏನಾದ್ರೂ ಬಯಲಿಗೆ ಬಂದ್ರೆ, ತಪ್ಪಿತಸ್ಥನನ್ನ ಹುಡುಕೋಕೆ ಯಾರಿಗೂ ಕಷ್ಟ ಆಗಬಾರದಲ್ಲ," ಎಂದರು, ಅತ್ತೆಗೆ ಕೇಳದ ಹಾಗೆ. ಅವರ ವರಾಂಡ ಭಾನುವಾರ ಖಾಲಿ ಬೀಳತೊಡಗಿತು. ಮಾವನೇ ಬಂದವರನ್ನು ಏನೋ ನೆವ ಹೇಳಿ ಕಳಿಸುತ್ತಿದ್ದರು.

ಟೈಲರಮ್ಮನ ಮಗಳು ದಿನವೂ ಕಪ್ಪು ಕೋಟು ಹಾಕಿಕೊಂಡು ನಮ್ಮ ಕಿಟಕಿಯ ಮುಂದೆಯೇ ಹೋಗುತ್ತಾಳೆ. ಕೋಟು ಅಮ್ಮನೇ ಹೊಲಿದದ್ದು, ಭುಜದಲ್ಲಿ ಒಂದು ಸುಕ್ಕಿಲ್ಲ. ಅವಳು ಪುಟ್ಟಿಗೆ ಟಾಟಾ ಮಾಡಿದಾಗಲೆಲ್ಲ ನಾನು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ಮೊನ್ನೆ ಟೈಲರಮ್ಮ ಬಾಗಿಲಿಗೇ ಬಂದರು.

"ಅವತ್ತು ನಿಮ್ಮ ಮಾವ ನಿಮ್ಮ ತಂಗಿಗೆ ಯಾಕೆ ಬೇಡ ಅಂದ್ರು? ಅವತ್ತಿಂದ ನನಗೆ ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ ಕಣ್ರೀ."

"ಭಾನುವಾರ ಬನ್ನಿ. ಮಾವನ್ನೇ ಕೇಳೋಣ," ಎಂದೆ.

ಭಾನುವಾರ ನಾವು ಹೋದಾಗ ಮಾವ ವರಾಂಡದಲ್ಲಿ ಕೂತಿದ್ದರು. ಪುಟ್ಟಿ ನೇರ ಅವರ ತೊಡೆ ಏರಿ ಅಂಟಿನ ಬೆರಳನ್ನು ಬಾಯಿಗೆ ಹಾಕಿಕೊಂಡಳು. ಟೈಲರಮ್ಮ ಮಗಳನ್ನೂ ಕರೆತಂದಿದ್ದರು, ಮಗಳು ತನ್ನ ಕ್ಲಾಸಿನ ಇನ್ನಿಬ್ಬರನ್ನು. ಎದುರು ಬದಿಯಲ್ಲಿ ಬಿಳಿ ಕಾರೊಂದು ನಿಂತಿತ್ತು. ಪ್ರವೇಶದ ದಿನ ಕಾರ್ಯದರ್ಶಿ ಬಂದಿಳಿದದ್ದು ಅಂಥದ್ದರಲ್ಲೇ. ಗಾಜು ಏರಿಸಿತ್ತು, ಎಂಜಿನ್ ಮಾತ್ರ ಓಡುತ್ತಿತ್ತು.

"ಬೆಳಿಗ್ಗೆಯಿಂದ ಅಲ್ಲೇ ಇದೆ," ಎಂದರು ಅತ್ತೆ. "ಯಾರ ಮನೆಗೆ ಬಂದಿದ್ದಾರೋ, ಇಳೀತಾನೇ ಇಲ್ಲ."

ಮಾವ ಕಾರನ್ನು ನೋಡಿದರು. ಬಂದ ಮಕ್ಕಳ ಮುಖಗಳನ್ನು ನೋಡಿದರು. ಪುಟ್ಟಿಯ ಬಾಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು, ಅದರ ಮೇಲೆ ಬಿದ್ದಿದ್ದ ಗುರುತನ್ನು ಹೆಬ್ಬೆರಳಿನಿಂದ ಸವರಿದರು.

"ಒಳಗೆ ಬನ್ನಿ," ಎಂದರು. "ಎಲ್ಲರೂ ಬನ್ನಿ. ಮೊದಲಿಂದ ಹೇಳ್ತೀನಿ."

ನಾನು ಕಡೆಯವಳಾಗಿ ಒಳಗೆ ಹೋಗಿ ಬಾಗಿಲು ಹಾಕಿದೆ. ಹೊರಗೆ ಕಾರಿನ ಬಾಗಿಲು ತೆರೆದ ಸದ್ದಾಯಿತು.