ಎಡಗಡೆಯ ಬಾಗಿಲು

ಧಾರವಾಡದ ತ್ರ್ಯಂಬಕರಾಯರ ಪ್ರಕಾರ ಜಗತ್ತಿನಲ್ಲಿರುವುದು ಒಂದೇ ಕಾರು, ಅವರ ಹಳೆಯ ಬಿಳಿ ಕಾರು. ಉಳಿದವೆಲ್ಲ ಗಾಲಿ ಹಚ್ಚಿದ ಮೊಬೈಲು. ಅದರ ಹಾರ್ನನ್ನು ಮನೆಯಂಗಳದಲ್ಲಿ ಒತ್ತಿದರೆ ಮೈಲಿಗಟ್ಟಲೆ ದೂರದ ರಾಯಾಪುರದ ಎಮ್ಮೆಗಳು ದಾರಿ ಬಿಡುತ್ತವೆ. ಅಣ್ಣನ ಮಗ ವಿನೀತ ಕರೆಂಟಿನ ಹೊಸ ಕಾರು ತಂದಾಗ ರಾಯರು ಅದಕ್ಕೊಂದು ಸುತ್ತು ಹಾಕಿ, "ಸಪ್ಪಳನ ಇಲ್ಲಲ್ಲೋ, ಜೀವ ಅದನೋ ಇಲ್ಲೋ ನಾಡಿ ಹಿಡದ ನೋಡು" ಎಂದರು. "ನಿಮ್ಮ ಕಾರಿನ ಬಾಗ್ಲಾ ಒಳಗಿಂದ ತಗೀಲಿಕ್ಕ ಬರೂದಿಲ್ಲಲ್ಲಾ ಕಾಕಾ" ಎಂದು ವಿನೀತ ಚುಚ್ಚಿದ. ಅದೂ ಖರೆ. ಎಡಗಡೆಯ ಬಾಗಿಲು ಹೊರಗಿನಿಂದಷ್ಟೇ ತೆರೆಯುತ್ತಿತ್ತು. ಹೀಗಾಗಿ ಕಾರು ಎಲ್ಲಿ ನಿಂತರೂ ರಾಯರು ಇಳಿದು, ಸುತ್ತು ಬಂದು, ಬಾಗಿಲು ತೆರೆದು, ಹೆಂಡತಿ ತಾರಾಬಾಯಿಯ ಕೈ ಹಿಡಿದು ಇಳಿಸುವರು. ನಾಲ್ಕು ಮಂದಿಯ ಮುಂದೆ ಹೆಂಡತಿಯನ್ನು ಹೆಸರು ಹಿಡಿದೂ ಕರೆಯದ ಮನುಷ್ಯ. ಹೋದ ವಾರ ವಿನೀತ ಯಾರಿಗೂ ಹೇಳದೆ ಆ ಬಾಗಿಲನ್ನು ತಾರಿಹಾಳದ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ ತಂದ. "ಕಾಕು, ಇನ್ನ ನೀವ ತಗದು ಇಳೀಬಹುದು" ಎಂದು ತಾರಾಬಾಯಿಗೆ ಹೇಳಿದ. ಸಂಜೆ ಕಾಯಿಪಲ್ಯೆಯ ಮಾರುಕಟ್ಟೆಯ ಮುಂದೆ ಕಾರು ನಿಂತಿತು. ಇನ್ನು ಸುತ್ತು ಬರಲು ನೆಪವೇ ಇಲ್ಲವೆಂದು ರಾಯರು ಸ್ಟೇರಿಂಗ್ ಹಿಡಿದು ಕಲ್ಲಾಗಿ ಕುಳಿತರು. ತಾರಾಬಾಯಿಯೂ ಕೈಚೀಲ ಮಡಿಲಲ್ಲಿಟ್ಟುಕೊಂಡು ಅಲುಗಾಡಲಿಲ್ಲ. "ಯಾಕ ಕೂತ್ರಿ? ಬಂದು ಬಾಗ್ಲಾ ತಗೀರಿ. ಹೊಸಾ ಹಿಡಿಕಿ, ನನಗ ತಿಳಿಯೂದಿಲ್ಲ." ರಾಯರು ಹೊಸ ಕಾರಿಗಿಂತಲೂ ಸಪ್ಪಳವಿಲ್ಲದೆ ಇಳಿದು ಸುತ್ತು ಬಂದರು.