ಅತ್ತೆಯ ಕಾರು ನಿಲ್ಲದ ವಾರ

ಮೈಸೂರಿನ ಈ ಹಾಸ್ಟೆಲಿನ ಎದುರು ಒಂದು ಗ್ಯಾರೇಜಿದೆ. ಅಲ್ಲಿಂದ ಎಣ್ಣೆಯ ವಾಸನೆ ಬಂದಾಗಲೆಲ್ಲ ನನಗೆ ಕೊಡಗಿನ ನಮ್ಮೂರಿನ ಕೈಲುಮುಹೂರ್ತದ ಹಬ್ಬ ನೆನಪಾಗುತ್ತದೆ. ಅದಕ್ಕೆ ಕಾರಣ ಅತ್ತೆಯ ಕಾರು.

ಅತ್ತೆ ಎಂದರೆ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ತವರಿಗೆ ಬಂದವರು ಜೊತೆಯಲ್ಲಿ ತಂದದ್ದು ಬಟ್ಟೆಯ ಪೆಟ್ಟಿಗೆ ಮತ್ತು ಮಾವನ ಕಾರು. ಎರಡನೇ ಮಹಾಯುದ್ಧಕ್ಕೂ ಹಿಂದಿನ ಕಾರು. ಬ್ರೇಕ್ ಒತ್ತಿದರೆ ಕಬ್ಬಿಣದ ಸರಳುಗಳು ಎಳೆದು ಚಕ್ರ ಹಿಡಿಯಬೇಕು. ಒಂದು ಚಕ್ರ ಹಿಡಿದರೆ ಇನ್ನೊಂದು ಹಿಡಿಯದೆ, ಕಾರು ಕಾಫಿ ಗಿಡಗಳ ಕಡೆಗೆ ಮುಖ ತಿರುಗಿಸುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮಳೆಗಾಲ ಕಳೆದಿತ್ತು. ಆ ವರ್ಷ ದೊಡ್ಡಪ್ಪ ಖಂಡಿತವಾಗಿ ಹೇಳಿಬಿಟ್ಟರು: "ಕಾಫಿ ಹಣ್ಣು ಕೊಯ್ಲಿಗೆ ಮೊದಲು ಇದು ನೆಟ್ಟಗೆ ನಿಲ್ಲಬೇಕು. ಇಲ್ಲದಿದ್ದರೆ ಮಾರುವುದೇ. ನಿನ್ನನ್ನು ಯಾವುದಾದರೂ ತೋಡಿನಿಂದ ಎತ್ತಿ ತರುವುದು ನನ್ನಿಂದ ಆಗುವುದಿಲ್ಲ."

"ಮಾರುವುದಾದರೆ ನನ್ನನ್ನೂ ಸೇರಿಸಿ ಮಾರಿ ಅಣ್ಣ," ಎಂದು ಅತ್ತೆ ನಕ್ಕರು. ಆದರೆ ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಆ ಕಾರೊಂದೇ.

ಮಡಿಕೇರಿಯಿಂದ ಮಲಯಾಳಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಮಿಲಿಟರಿಯವರು ಹರಾಜು ಹಾಕಿದ್ದ ಜೀಪಿನ ಹೈಡ್ರಾಲಿಕ್ ಬ್ರೇಕನ್ನು ಅವರು ತಂದಿದ್ದರು. ಚಕ್ರದೊಳಗೆ ಬಾಣಲೆಯಂಥ ಡ್ರಮ್ಮು, ಅದರ ಒಳಮೈಗೆ ಒತ್ತಿಕೊಂಡು ಹಿಡಿಯುವ ಎರಡು ಶೂಗಳು. ಅರ್ಧ ಕೆಲಸವಾಗುವಷ್ಟರಲ್ಲಿ ನಾಟಿ ಮುಗಿದು ಹಬ್ಬ ಬಂತು. ಕೈಲುಮುಹೂರ್ತದಲ್ಲಿ ಮನೆಯ ಆಯುಧಗಳಿಗೆಲ್ಲ ವಿಶ್ರಾಂತಿ. ಮೆಕ್ಯಾನಿಕ್ ಡ್ರಮ್ಮು, ಶೂಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು ಮಡಿಕೇರಿಗೆ ಹೋದರು. ಪ್ರತಿ ವರ್ಷದಂತೆ ಅಜ್ಜ ಬೆಳಿಗ್ಗೆಯೇ ಕುಳಿತು ಕೋವಿಗಳನ್ನು ಒರೆಸಿ ಎಣ್ಣೆ ಹಚ್ಚಿದರು. ಆಮೇಲೆ ಕತ್ತಿ, ಗುದ್ದಲಿ, ನೇಗಿಲಿನ ಗುಳ. ಅವರ ಆ ಕೆಲಸವನ್ನು ಯಾರೂ ನಿಂತು ನೋಡುವುದಿಲ್ಲ.

ಹಬ್ಬ ಕಳೆದು ಎಲ್ಲ ಜೋಡಿಸಿಯಾಯಿತು. ಅತ್ತೆ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ಬಿಟ್ಟರು. ಕೆಳಗಿನ ಹಲಸಿನ ಮರದ ಹತ್ತಿರ ಬ್ರೇಕ್ ಒತ್ತಿದರೆ ಕಾರು ಅದನ್ನು ದಾಟಿ, ದಾರಿಗೆ ಅಡ್ಡ ಗಳು ಹಾಕಿದ ಉಣುಗೋಲಿನವರೆಗೂ ಹೋಯಿತು. ಗೇರು ಇಳಿಸಿ, ದಿಬ್ಬಕ್ಕೆ ಚಕ್ರ ಒರಗಿಸಿ ನಿಲ್ಲಿಸಬೇಕಾಯಿತು.

"ಪೈಪಿನಲ್ಲಿ ಗಾಳಿ ಸೇರಿದೆ ಅಮ್ಮ," ಎಂದರು ಮೆಕ್ಯಾನಿಕ್. ಗಾಳಿ ತೆಗೆದರು. ಮತ್ತೆ ಹಾಗೆಯೇ. ಇನ್ನೊಮ್ಮೆ ತೆಗೆದರು.

ದಿನಚರಿ ಬರೆಯುವ ಹುಚ್ಚು ನನಗೆ ಆಗಲೇ ಹಿಡಿದಿದ್ದರಿಂದ ಲೆಕ್ಕ ಇಡುವ ಕೆಲಸ ನನ್ನದಾಗಿತ್ತು. ಪ್ರತಿ ಸಲ ಕಾರು ನಿಂತಲ್ಲಿ ರಸ್ತೆಯ ಪಕ್ಕ ಒಂದು ಕಲ್ಲಿಟ್ಟೆ. ಎಲ್ಲ ಕಲ್ಲುಗಳೂ ಉಣುಗೋಲಿನ ಬುಡದಲ್ಲೇ ಗುಂಪುಗೂಡಿದವು.

"ಕಲ್ಲು ಸಾಲದಿದ್ದರೆ ಹೇಳು, ಗಾಡಿಯಲ್ಲಿ ತರಿಸುತ್ತೇನೆ," ಎಂದು ದೊಡ್ಡಪ್ಪ ಜಗಲಿಯಿಂದ ಕೂಗಿದರು. "ಕೊಡ್ಲಿಪೇಟೆಯವರೊಬ್ಬರು ಸೋಮವಾರ ಕಾರು ನೋಡಲು ಬರುತ್ತಾರೆ."

ಅತ್ತೆ ಮೆಕ್ಯಾನಿಕ್ ಕಡೆ ತಿರುಗಿ, "ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ. ಗಾಳಿ ಇದ್ದರೆ ಮೆತ್ತಗಿರಬೇಕಲ್ಲ?" ಎಂದರು. ಅವರು ತಲೆ ಕೆರೆದುಕೊಂಡು ಶೂಗಳನ್ನು ಇನ್ನಷ್ಟು ಬಿಗಿ ಮಾಡಿದರು. ಅತ್ತೆ ಬಿಡದೆ ಕಾರಿನಲ್ಲಿ ಇಳಿಜಾರು ಇಳಿದರು, ಹತ್ತಿದರು, ಮತ್ತೆ ಇಳಿದರು. ಕೊನೆಗೆ ಚಕ್ರಗಳಿಂದ ತೆಳ್ಳಗೆ ಹೊಗೆ ಎದ್ದಿತು. ಅತ್ತೆ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟರು.

"ಎಂತ ವಾಸನೆ ಇದು?"

"ಬ್ರೇಕ್ ಬಿಸಿಯಾದದ್ದು ಅಮ್ಮ."

"ಅಲ್ಲ. ಇದು ಹಬ್ಬದ ವಾಸನೆ. ಚಕ್ರ ಬಿಚ್ಚಿ."

ಡ್ರಮ್ಮಿನ ಒಳಗೆ ಒರೆಸಿದ ಬಟ್ಟೆ ಜಿಡ್ಡಾಗಿ ಬಂತು. ಬ್ರೇಕಿನ ಪೈಪೇ ಸೋರಿದೆ ಎಂದುಕೊಂಡು ಮೆಕ್ಯಾನಿಕ್ ಬ್ರೇಕ್ ಎಣ್ಣೆಯ ಡಬ್ಬಿ ನೋಡಿದರೆ ಅದು ತುಂಬಿಯೇ ಇತ್ತು. ಅತ್ತೆ ಬಟ್ಟೆಯನ್ನು ಮೂಗಿಗೆ ಹಿಡಿದರು. ನನಗೂ ಕೊಟ್ಟರು. ಕೋವಿಯ ಎಣ್ಣೆ.

ಅಜ್ಜ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಅಪ್ಪ, ಹಬ್ಬದ ದಿನ ಕಾರಿನ ಸಾಮಾನಿಗೂ ಎಣ್ಣೆ ಹಚ್ಚಿದ್ರಾ?" ಎಂದು ಅತ್ತೆ ಕೇಳಿದರು.

"ಹಚ್ಚದೆ ಮತ್ತೆ? ಕೋವಿಗಿಂತ ಮೊದಲು ಅದಕ್ಕೇ ಹಚ್ಚಿದ್ದು. ನಿನ್ನ ಜೀವ ಇರುವುದು ಅದರ ಮೇಲಲ್ವಾ? ಎರಡೆರಡು ಸಲ ಉಜ್ಜಿದ್ದೇನೆ, ಈ ಮಳೆಗೆ ತುಕ್ಕು ಹಿಡಿಯಬಾರದು ಅಂತ."

ಮೆಕ್ಯಾನಿಕ್ ಮುಖ ತಿರುಗಿಸಿ ಕೆಮ್ಮಿದರು. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಅತ್ತೆ ನೋಡಿದ ನೋಟಕ್ಕೆ ಮುಚ್ಚಿದರು.

"ಒಳ್ಳೇದಾಯಿತು ಅಪ್ಪ," ಎಂದಷ್ಟೇ ಹೇಳಿ ಅತ್ತೆ ಅಂಗಳಕ್ಕಿಳಿದರು.

ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದದ್ದಾಯಿತು. ಡ್ರಮ್ಮನ್ನು ಹಿಡಿಯಬೇಕಾದ ಶೂಗಳ ಮೇಲಿನ ಪಟ್ಟಿ, ಲೈನಿಂಗ್, ಎಣ್ಣೆ ಕುಡಿದು ಜಾರುತ್ತಿತ್ತು. ಅದನ್ನು ಕಿತ್ತು ಮಡಿಕೇರಿಯಲ್ಲಿ ಹೊಸದು ಹೊಡೆಸಿದರು. ಭಾನುವಾರ ಸಂಜೆ ಅತ್ತೆ ದೊಡ್ಡಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಿಗೆ ಬಿಟ್ಟರು. ನಾನು ಅಭ್ಯಾಸಬಲದಿಂದ ಕಲ್ಲು ಹಿಡಿದು ಉಣುಗೋಲಿನ ಹತ್ತಿರ ನಿಂತಿದ್ದೆ. ಕಾರು ನನ್ನವರೆಗೆ ಬರಲೇ ಇಲ್ಲ. ಹಲಸಿನ ಮರದ ನೆರಳಲ್ಲಿ, ಒಂದಿಷ್ಟೂ ಮುಖ ತಿರುಗಿಸದೆ ನಿಂತಿತು. ದೊಡ್ಡಪ್ಪನ ಟೋಪಿ ಮಾತ್ರ ಮುಂದಿನ ಗಾಜಿಗೆ ಬಡಿದು ಮಡಿಲಿಗೆ ಬಿತ್ತು.

ಅವರು ಇಳಿದು ಟೋಪಿ ಸರಿಮಾಡಿಕೊಂಡು, "ಕೊಡ್ಲಿಪೇಟೆಯವರಿಗೆ ಬರುವುದು ಬೇಡ ಅಂತ ಹೇಳಿ ಕಳಿಸಬೇಕು," ಎಂದು ಯಾರಿಗೋ ಹೇಳುವಂತೆ ಹೇಳಿ ಮನೆ ಕಡೆ ಹತ್ತಿದರು.

ಅಜ್ಜನಿಗೆ ಯಾರೂ ಏನೂ ಹೇಳಲಿಲ್ಲ. ಹಾಗಾಗಿ ಮರುವರ್ಷದ ಹಬ್ಬಕ್ಕೆ ಅವರು ಎಣ್ಣೆ ಬಾಟಲಿ ಹಿಡಿದು ಕಾರಿನ ಹತ್ತಿರ ಬಂದು, "ಚಕ್ರ ಬಿಚ್ಚಿಸು," ಎಂದು ನನಗೆ ಹೇಳಿದರು. ಒಳಗಿಂದ ಅತ್ತೆ ಓಡಿಬಂದರು. ಅಜ್ಜನ ಕೈ ಹಿಡಿದು ಬಾಗಿಲಿನ ಕೀಲಿನ ಹತ್ತಿರ ಕರೆದೊಯ್ದರು.

"ಚಕ್ರಕ್ಕೆ ಈ ವರ್ಷ ಬೇಡ ಅಪ್ಪ. ಇಲ್ಲಿ ಹಚ್ಚಿ. ಕಿರ್ ಅನ್ನುತ್ತದೆ."

ಅಜ್ಜ ಒಂದೊಂದೇ ಬಾಗಿಲು ತೆರೆದು, ಎರಡೆರಡು ಸಲ ಹಚ್ಚಿ, ಬಟ್ಟೆಯಿಂದ ಒರೆಸಿದರು. ಅತ್ತೆ ಪಕ್ಕದಲ್ಲೇ ನಿಂತು ಪ್ರತಿ ಬಾಗಿಲನ್ನೂ ಆಡಿಸಿ ನೋಡಿ, "ಈಗ ಸರಿಯಾಯಿತು," ಎನ್ನುತ್ತಿದ್ದರು. ಆ ಬಾಗಿಲುಗಳು ಕಿರ್ ಎಂದದ್ದನ್ನು ನಾನಂತೂ ಒಮ್ಮೆಯೂ ಕೇಳಿರಲಿಲ್ಲ.